ಸೋವಿಯತ್ ಸೈನಿಕನ ಅಂಗಿ: ಅಸಲಿಯೋ ನಕಲಿಯೋ, ಒಳಗಡೆ ತಿರುಗಿಸಿ ನೋಡಿ

ಎಂಬಿಬಿಎಸ್ ಓದಲು ರಷ್ಯಾ, ಜಾರ್ಜಿಯಾ, ಕಿರ್ಗಿಸ್ತಾನಕ್ಕೆ ಹೋದ ನಮ್ಮ ಕಡೆಯ ಹುಡುಗ ಹುಡುಗಿಯರು ರಜೆಗೆ ಬರುವಾಗ ಚೀಲದಲ್ಲಿ ಒಂದು ತುಪ್ಪಳದ ಟೋಪಿ ಇರುವುದುಂಟು. ಮುಂದೆ ಕೆಂಪು ನಕ್ಷತ್ರ, ಅದರೊಳಗೆ ಸುತ್ತಿಗೆ ಕುಡುಗೋಲು. ‘ಅಸಲಿ ಸೋವಿಯತ್ ಮಿಲಿಟರಿದು’ ಅಂತ ಮಾರಿದವನು ಆಣೆ ಮಾಡಿ ಹೇಳಿರುತ್ತಾನೆ. ಮಾಸ್ಕೋದ ಇಜ್ಮಾಯ್ಲೊವೊ, ಸೇಂಟ್ ಪೀಟರ್ಸ್‌ಬರ್ಗ್‌ನ ಉದೆಲ್ನಾಯಾ, ತ್ಬಿಲಿಸಿಯ ಡ್ರೈ ಬ್ರಿಜ್ – ಈ ಹಳೇ ಸಾಮಾನಿನ ಸಂತೆಗಳಲ್ಲಿ ಇಂಥ ಟೋಪಿ, ಅಂಗಿ, ಬೆಲ್ಟು ರಾಶಿ ಬಿದ್ದಿರುತ್ತವೆ. ಆನ್‌ಲೈನ್‌ನಲ್ಲಂತೂ ಕೇಳಲೇಬೇಡಿ.

ಇವುಗಳಲ್ಲಿ ಯಾವುದು ಒಬ್ಬ ಸೈನಿಕ ನಿಜಕ್ಕೂ ತೊಟ್ಟದ್ದು, ಯಾವುದು ಹೋದ ವರ್ಷ ಪ್ರವಾಸಿಗರಿಗೆಂದೇ ಹೊಲಿದದ್ದು? ರಷ್ಯನ್ ಬಾರದವರೂ, ಮಿಲಿಟರಿ ಇತಿಹಾಸ ಓದದವರೂ ಒಂದು ಮಟ್ಟಿಗೆ ಇದನ್ನು ಪತ್ತೆ ಮಾಡಬಹುದು. ನಕ್ಷತ್ರ, ಪದಕಗಳ ಮೇಲಿಂದ ಕಣ್ಣು ತೆಗೆದು ಬಟ್ಟೆಯನ್ನು ನೋಡಬೇಕು, ಅಷ್ಟೇ.

ಇಷ್ಟೊಂದು ಬಟ್ಟೆ ಎಲ್ಲಿಂದ ಬಂತು?

ಸೋವಿಯತ್ ಒಕ್ಕೂಟದಲ್ಲಿ ಗಂಡಸರಿಗೆ ಸೈನ್ಯದ ಸೇವೆ ಕಡ್ಡಾಯವಾಗಿತ್ತು. 1967ರ ಕಾನೂನಿನ ಪ್ರಕಾರ ಭೂಸೇನೆಯಲ್ಲಿ ಎರಡು ವರ್ಷ, ಹಡಗಿನ ಮೇಲಾದರೆ ಮೂರು ವರ್ಷ. ಪ್ರತಿ ವರ್ಷ ಲಕ್ಷಾಂತರ ಹುಡುಗರು ಬರುತ್ತಿದ್ದರು, ಅಷ್ಟೇ ಜನ ಮನೆಗೆ ಹೋಗುತ್ತಿದ್ದರು. ಅವರಿಗೆಲ್ಲ ಬಟ್ಟೆ ಬೇಕಲ್ವಾ? ಅದರ ಮೇಲೆ ಯುದ್ಧ ಬಂದರೆ ಇರಲಿ ಅಂತ ಗೋದಾಮುಗಳಲ್ಲಿ ಬೇರೆ ತುಂಬಿಟ್ಟಿದ್ದರು.

1991ರಲ್ಲಿ ದೇಶವೇ ಒಡೆದುಹೋಯಿತು. ಪೂರ್ವ ಜರ್ಮನಿಯಲ್ಲಿದ್ದ 3 ಲಕ್ಷಕ್ಕೂ ಹೆಚ್ಚು ಸೈನಿಕರು 1994ರ ಆಗಸ್ಟ್ ಹೊತ್ತಿಗೆ ಜಾಗ ಖಾಲಿ ಮಾಡಿದರು. ಬರ್ಲಿನ್ ಗೋಡೆ ಬಿದ್ದ ಮೇಲಿನ ಆ ವರ್ಷಗಳಲ್ಲಿ ಬ್ರಾಂಡೆನ್‌ಬುರ್ಗ್ ದ್ವಾರದ ಹತ್ತಿರ ಟೋಪಿ, ಕೋಟು, ಬ್ಯಾಡ್ಜುಗಳ ವ್ಯಾಪಾರ ಜೋರಾಗಿ ನಡೆಯಿತು. ಪಶ್ಚಿಮದ ಸಂಗ್ರಾಹಕರ ಕೈ ಸೇರಿದ ಮಾಲಿನಲ್ಲಿ ಬಹಳಷ್ಟು ಈ ದಾರಿಯಲ್ಲೇ ಬಂದದ್ದು.

ಆದ್ದರಿಂದ 1970, 80ರ ದಶಕದ ಸಾಮಾನ್ಯ ಸೈನಿಕನ ಅಂಗಿ ಈಗಲೂ ಬೇಕಾದಷ್ಟು ಸಿಗುತ್ತದೆ. ಅಗ್ಗವಾಗಿ ಅಸಲಿಯೇ ಸಿಗುವಾಗ ಯಾರೂ ಕಷ್ಟಪಟ್ಟು ನಕಲಿ ಹೊಲಿಯುವುದಿಲ್ಲ. ಎರಡನೇ ಮಹಾಯುದ್ಧ ಕಾಲದ ಬಟ್ಟೆಯ ಕಥೆಯೇ ಬೇರೆ. ಅದನ್ನು ಹರಿದು ಚಿಂದಿಯಾಗುವವರೆಗೂ ತೊಟ್ಟರು. ಉಳಿದದ್ದು ಕಡಿಮೆ, ಬೆಲೆ ಜಾಸ್ತಿ. ಮೋಸ ಹುಟ್ಟುವುದು ಅಲ್ಲಿ. ಅಫ್ಘಾನಿಸ್ತಾನದಲ್ಲಿ ವಿಶೇಷ ಪಡೆಗಳು ತೊಟ್ಟ ಉಡುಪುಗಳ ವಿಷಯವೂ ಹೀಗೇ.

‘ಅಸಲಿ’ ಅಂದರೆ ಮೂರು ಪ್ರಶ್ನೆ

‘ಇದು ಅಸಲಿನಾ?’ ಅಂತ ಒಂದೇ ಮಾತಿನಲ್ಲಿ ಕೇಳಿದರೆ ಉತ್ತರ ಸಿಗುವುದಿಲ್ಲ. ಬಟ್ಟೆ ಸೋವಿಯತ್ ಕಾರ್ಖಾನೆಯಲ್ಲಿ ತಯಾರಾದದ್ದೇ? ಮಾರುವವನು ಹೇಳುವ ಕಾಲದ್ದೇ? ಅದರ ಮೇಲಿರುವ ಹೆಗಲ ಪಟ್ಟಿ, ಕಾಲರ್ ಗುರುತು, ಬ್ಯಾಡ್ಜುಗಳು ಮೊದಲಿನಿಂದಲೂ ಆ ಬಟ್ಟೆಯ ಮೇಲೇ ಇದ್ದವೇ? ಹೀಗೆ ಬಿಡಿಸಿ ಕೇಳಬೇಕು.

ಮಾರುಕಟ್ಟೆಯಲ್ಲಿ ಜಾಸ್ತಿ ಸಿಗುವುದು ಪೂರಾ ನಕಲಿ ಅಲ್ಲ, ಜೋಡಿಸಿದ ಮಾಲು. ಅಂಗಿ ಅಸಲಿ, ಪಟ್ಟಿ ಅಸಲಿ, ಬ್ಯಾಡ್ಜೂ ಅಸಲಿ. ಆದರೆ ಮೂರೂ ಬೇರೆ ಬೇರೆಯವರದು. ಸಾದಾ ಸೈನಿಕನ ಅಂಗಿಗಿಂತ ಪ್ಯಾರಾಟ್ರೂಪರ್ ಅಂಗಿಗೆ ಗಿರಾಕಿ ಜಾಸ್ತಿ ಅಂತ ವ್ಯಾಪಾರಿ ನೀಲಿ ಪಟ್ಟಿ ಹೊಲಿದು ಮುಗಿಸಿರುತ್ತಾನೆ. ಹತ್ತು ನಿಮಿಷದ ಕೆಲಸ.

ರೇಷ್ಮೆ ಸೀರೆ ಕೊಳ್ಳುವಾಗ ನಮ್ಮ ಹೆಂಗಸರು ಸೆರಗನ್ನು ಮಗುಚಿ ಹಿಂಬದಿಯ ಜರಿ ನೋಡುತ್ತಾರೆ. ಇಲ್ಲೂ ಅದೇ ಲೆಕ್ಕ. ಹೊರಗಡೆ ಇರುವುದನ್ನು ಯಾರು ಬೇಕಾದರೂ ಬದಲಾಯಿಸಬಹುದು. ಒಳಗಡೆ ಕೈಯಾಡಿಸಲು ಅಷ್ಟು ತಾಳ್ಮೆ ಇರುವವರು ಕಡಿಮೆ.

ಎರಡು ಇಸವಿ ನೆನಪಿರಲಿ: 1943 ಮತ್ತು 1969

ಕ್ರಾಂತಿಯ ನಂತರ ಕೆಂಪು ಸೇನೆ ಹೆಗಲ ಪಟ್ಟಿಯನ್ನು ಕಿತ್ತೆಸೆದಿತ್ತು. ಅದು ಜಾರನ ಅಧಿಕಾರಿಗಳ ಗುರುತು ಎಂಬ ಸಿಟ್ಟು. ಹುದ್ದೆ ಗೊತ್ತಾಗುತ್ತಿದ್ದದ್ದು ಕಾಲರ್ ಮೇಲಿನ ಸಣ್ಣ ತುಂಡುಗಳಿಂದ: ತ್ರಿಕೋನ, ಚೌಕ, ಆಯತ, ವಜ್ರಾಕಾರ. ಯುದ್ಧದ ನಡುವೆಯೇ, 1943ರ ಜನವರಿಯಲ್ಲಿ, ಹೆಗಲ ಪಟ್ಟಿ ವಾಪಸ್ ಬಂತು. ಜೊತೆಗೆ ಅಂಗಿಯ ಮಡಚುವ ಕಾಲರ್ ಹೋಗಿ, ಕತ್ತಿನ ಸುತ್ತ ನೆಟ್ಟಗೆ ನಿಲ್ಲುವ ಕಾಲರ್ ಬಂತು.

ಈ ಅಂಗಿಯ ಹೆಸರು ಗಿಮ್ನಾಸ್ತ್ಯೋರ್ಕಾ. ಗುಂಡಿ ಎದೆಯ ಅರ್ಧದವರೆಗೆ ಮಾತ್ರ. ತಲೆಯ ಮೇಲಿನಿಂದ ತೊಟ್ಟು, ಸೊಂಟಕ್ಕೆ ಬೆಲ್ಟು ಬಿಗಿಯುವುದು. ಯುದ್ಧದ ಚಿತ್ರಗಳಲ್ಲಿ ಕಾಣುವ ರಷ್ಯನ್ ಸೈನಿಕ ಅಂದರೆ ಈ ಅಂಗಿಯೇ.

ಗಿರಾಕಿಗಳು ಅತಿ ಹೆಚ್ಚು ಎಡವುವುದು ಇಲ್ಲೇ. ನಿಲ್ಲುವ ಕಾಲರ್‌ನ ಗಿಮ್ನಾಸ್ತ್ಯೋರ್ಕಾ ಕಂಡ ಕೂಡಲೇ ‘ಮಹಾಯುದ್ಧದ್ದು’ ಅಂತ ಮಾರುತ್ತಾರೆ. ಯುದ್ಧ 1945ರಲ್ಲಿ ಮುಗಿಯಿತು, ನಿಜ. ಆದರೆ ಸಾದಾ ಸೈನಿಕರು ಇದೇ ನಮೂನೆಯ ಅಂಗಿಯನ್ನು 1960ರ ದಶಕದ ಕೊನೆಯವರೆಗೂ ತೊಟ್ಟರು. ನೀವು ನೋಡುತ್ತಿರುವುದು 1957ರದ್ದೋ 1965ರದ್ದೋ ಆಗಿರುವ ಸಾಧ್ಯತೆಯೇ ಹೆಚ್ಚು. ಅದು ಅಸಲಿ ಸೋವಿಯತ್ ಅಂಗಿಯೇ, ಸಂಶಯವಿಲ್ಲ. ಸ್ಟಾಲಿನ್‌ಗ್ರಾಡ್ ಕಂಡದ್ದಲ್ಲ, ಅಷ್ಟೇ. ಸ್ಟಾಲಿನ್‌ಗ್ರಾಡ್ ಕದನ 1943ರ ಫೆಬ್ರವರಿ ಆರಂಭದಲ್ಲೇ ಮುಗಿದಿತ್ತು. ಹೊಸ ಅಂಗಿಗೆ ಆದೇಶ ಬಂದದ್ದು ಅದಕ್ಕೆ ಕೆಲವೇ ವಾರ ಮುಂಚೆ. ‘ಸ್ಟಾಲಿನ್‌ಗ್ರಾಡ್‌ನ ಗಿಮ್ನಾಸ್ತ್ಯೋರ್ಕಾ’ ಅಂತ ಯಾರಾದರೂ ನಿಲ್ಲುವ ಕಾಲರ್ ತೋರಿಸಿದರೆ ಈ ಲೆಕ್ಕ ಹೇಳಿ, ಮುಖ ನೋಡಿ.

ಉಲ್ಟಾ ಗೊಂದಲವೂ ಇದೆ. ಹಳೇ ಮಡಚುವ ಕಾಲರ್ ಅಂಗಿಗೇ ಹೊಸ ಹೆಗಲ ಪಟ್ಟಿ ಹಾಕಿಕೊಂಡು 1943ರಲ್ಲಿ ಎಷ್ಟೋ ಜನ ಓಡಾಡಿದರು. ಇರುವ ಬಟ್ಟೆ ಸವೆಯಲಿ ಅಂತ ಸೇನೆಯೇ ಬಿಟ್ಟಿತ್ತು. ಹಾಗಾಗಿ ಬೆರಕೆ ಕಂಡ ಕೂಡಲೇ ನಕಲಿ ಅನ್ನಲೂ ಬಾರದು.

1969ರಲ್ಲಿ ಎಲ್ಲವೂ ಬದಲಾಯಿತು. ಗಿಮ್ನಾಸ್ತ್ಯೋರ್ಕಾ ಹೋಗಿ, ಮುಂದೆ ಪೂರ್ತಿ ಬಿಚ್ಚುವ, ಮಡಚುವ ಕಾಲರ್‌ನ ಅಂಗಿ ಬಂತು. ಮೆರವಣಿಗೆಯ ಉಡುಪಿಗೆ ಎಡತೋಳಿನ ಮೇಲೆ ದಳದ ಗುರುತಿನ ಪಟ್ಟೆ ಬಂತು. ಸೈನಿಕನ ಹೆಗಲ ಮೇಲೆ ‘ಸೋವಿಯತ್ ಸೇನೆ’ ಎಂಬುದರ ಎರಡು ಮೊದಲಕ್ಷರಗಳು ಬಂದದ್ದೂ ಈ ಸುಧಾರಣೆಯ ನಂತರವೇ. ರಷ್ಯನ್ ಬಾರದವರ ಕಣ್ಣಿಗೆ ಅವು ಇಂಗ್ಲಿಷಿನ ಸಿ ಮತ್ತು ಎ ಇದ್ದಂತೆ ಕಾಣುತ್ತವೆ. ಯುದ್ಧಕಾಲದ್ದು ಅಂತ ಮಾರುವ ಅಂಗಿಯ ಮೇಲೆ ಈ ಅಕ್ಷರಗಳಿದ್ದರೆ ಮಾತು ಮುಗಿಯಿತು. ಯಾಕಂದ್ರೆ ‘ಕೆಂಪು ಸೇನೆ’ ಎಂಬ ಹೆಸರು ‘ಸೋವಿಯತ್ ಸೇನೆ’ ಎಂದು ಬದಲಾದದ್ದೇ 1946ರ ಫೆಬ್ರವರಿಯಲ್ಲಿ.

1980ರ ದಶಕದಲ್ಲಿ ಬಂದದ್ದು ಜೇಬುಗಳೇ ಜಾಸ್ತಿಯಿರುವ ಮೈದಾನದ ಉಡುಪು. ಸಂಗ್ರಾಹಕರು ಅದನ್ನು ಅಫ್ಗಾಂಕಾ ಅನ್ನುತ್ತಾರೆ. ಒಕ್ಕೂಟ ಒಡೆದ ಮೇಲೂ ರಷ್ಯಾ, ಉಕ್ರೇನ್ ಮುಂತಾದ ದೇಶಗಳ ಸೈನಿಕರು ಇದನ್ನು ತೊಟ್ಟರು. ಈಗಲೂ ಅದೇ ನಮೂನೆಯಲ್ಲಿ ಹೊಸದಾಗಿ ಹೊಲಿದು ಮಾರುವವರಿದ್ದಾರೆ.

ಒಳಗಿನ ಸೀಲು ಹೇಳುವ ಮಾತು

ಅಂಗಿಯನ್ನು ಒಳಗಡೆ ಮಗುಚಿ. ಒಳಪದರದ ಮೇಲೋ ಜೇಬಿನೊಳಗೋ ಕಪ್ಪು ಶಾಯಿಯ ಸೀಲು ಹುಡುಕಿ. ಅದರಲ್ಲಿ ಸಾಮಾನ್ಯವಾಗಿ ಕಾರ್ಖಾನೆ, ಅಳತೆ, ದರ್ಜೆ, ತಯಾರಾದ ವರ್ಷ ಇರುತ್ತವೆ. ವರ್ಷ ನೇರವಾಗಿ ಬರೆದಿದ್ದರೆ ಅರ್ಧ ಕೆಲಸ ಆದಂತೆ.

ಅಳತೆ ಎರಡು ಅಂಕಿಯಲ್ಲಿರುತ್ತದೆ, ಉದಾಹರಣೆಗೆ 48-3. ಮೊದಲನೆಯದು ಎದೆಯ ಸುತ್ತಳತೆಯ ಅರ್ಧ: 48 ಅಂದರೆ 96 ಸೆಂಟಿಮೀಟರ್ ಎದೆ. ಎರಡನೆಯದು ಎತ್ತರದ ವರ್ಗ: 3 ಅಂದರೆ ಸುಮಾರು 170 ಸೆಂಟಿಮೀಟರ್ ಎತ್ತರದವನಿಗೆ. ಪ್ರವಾಸಿಗರ ಮಾಲಿನಲ್ಲಿ ಎಂ, ಎಲ್, ಎಕ್ಸ್‌ಎಲ್ ಎಂಬ ಚೀಟಿ ಕಂಡರೆ ಬೇರೇನೂ ನೋಡಬೇಕಿಲ್ಲ.

ಸೀಲಿನಲ್ಲಿ ‘ಗೋಸ್ಟ್’ ಎಂಬ ನಾಲ್ಕಕ್ಷರದ ಪದವೂ ಅದರ ಮುಂದೆ ಸಂಖ್ಯೆಯೂ ಇರಬಹುದು. ನಮ್ಮ ಐಎಸ್‌ಐ ಇದ್ದಂತೆ ಅದು ಸೋವಿಯತ್ ಸರ್ಕಾರದ ಗುಣಮಟ್ಟದ ನಿಯಮ. ಸಂಖ್ಯೆಯ ಕೊನೆಯಲ್ಲಿ ಅಡ್ಡಗೆರೆ ಹಾಕಿ 75 ಎಂದಿದ್ದರೆ ಆ ನಿಯಮ 1975ರದ್ದು ಎಂದರ್ಥ. ಬಟ್ಟೆಯೂ 1975ರದ್ದು ಅಂತ ಹಲವರು ತಿಳಿಯುತ್ತಾರೆ, ಅದು ತಪ್ಪು. ನಿಯಮ ಬಂದು ಹತ್ತು ವರ್ಷವಾದ ಮೇಲೂ ಅದೇ ಸಂಖ್ಯೆ ಒತ್ತುತ್ತಿದ್ದರು. ಆದರೆ ಒಂದು ಖಾತ್ರಿ: ಆ ಬಟ್ಟೆ 1975ಕ್ಕಿಂತ ಹಿಂದಿನದಾಗಲು ಸಾಧ್ಯವೇ ಇಲ್ಲ.

ಕೆಲವು ವಸ್ತುಗಳ ಮೇಲೆ ಐದು ಮೂಲೆಯ ಚೌಕಟ್ಟಿನ ಒಂದು ಚಿಹ್ನೆ ಸಿಗುತ್ತದೆ. ಅದು 1967ರಲ್ಲಿ ಜಾರಿಗೆ ಬಂದ ಸರ್ಕಾರಿ ಗುಣಮಟ್ಟದ ಗುರುತು. ಇದಿದ್ದರೂ ಯುದ್ಧಕಾಲದ ಮಾತು ಬಿಡಿ.

ಹಾಗಂತ ಸೀಲನ್ನೇ ಕಣ್ಣು ಮುಚ್ಚಿ ನಂಬಲೂಬಾರದು. ರಬ್ಬರ್ ಸೀಲು ಮಾಡಿಸುವುದು ಯಾವ ಊರಿನಲ್ಲೂ ಕಷ್ಟದ ಕೆಲಸವಲ್ಲ. ಸೀಲಿನ ಸವೆತವೂ ಬಟ್ಟೆಯ ಸವೆತವೂ ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಿ. ಅಂಗಿ ನೂರು ಸಲ ಒಗೆದಂತೆ ಮಾಸಿದೆ, ಸೀಲು ಮಾತ್ರ ನಿನ್ನೆ ಒತ್ತಿದಂತೆ ಗಾಢವಾಗಿದೆ ಅಂದರೆ ಅನುಮಾನಪಡಬೇಕು. ಹಳೇ ಶಾಯಿ ನೂಲಿನೊಳಗೆ ಇಳಿದಿರುತ್ತದೆ, ಅಂಚು ಮಸುಕಾಗಿರುತ್ತದೆ. ಇನ್ನು ಎರಡೂ ಹೊಚ್ಚ ಹೊಸದಾಗಿ ಕಂಡರೆ ಹೆದರಬೇಡಿ. ಗೋದಾಮಿನಿಂದ ಯಾರ ಮೈಗೂ ಹೋಗದೆ ನೇರ ಮಾರುಕಟ್ಟೆಗೆ ಬಂದ ಬಟ್ಟೆ ಬೇಕಾದಷ್ಟಿದೆ.

ಗುಂಡಿಯ ಹಿಂದೆ ಇಂಗ್ಲಿಷ್ ಇದ್ದರೆ?

ಗುಂಡಿಯ ಮುಂದೆ ನಕ್ಷತ್ರ, ಸುತ್ತಿಗೆ ಕುಡುಗೋಲು. ಯುದ್ಧಕಾಲದಲ್ಲಿ ಮೈದಾನದ ಉಡುಪಿಗೆ ಹಸಿರು ಬಣ್ಣ ಬಳಿದ ಲೋಹದ ಗುಂಡಿ, ನಂತರದ ದಶಕಗಳಲ್ಲಿ ಹಗುರವಾದ ಅಲ್ಯೂಮಿನಿಯಂ. ಎರಡು ತಲೆಯ ಹದ್ದು ಇದ್ದರೆ ಅದು ಒಕ್ಕೂಟ ಒಡೆದ ಮೇಲಿನ ರಷ್ಯಾದ್ದು. ಅಂಗಿ ಮಾತ್ರ ಸೋವಿಯತ್ ಕಾಲದ್ದೇ ಆಗಿರಬಹುದು. 90ರ ದಶಕದಲ್ಲಿ ಹಳೇ ಬಟ್ಟೆಗೆ ಹೊಸ ಗುಂಡಿ ಹಾಕಿ ಸಾಗಿಸಿದ್ದುಂಟು.

ಗುಂಡಿಯ ಹಿಂಬದಿಯಲ್ಲಿ ‘ಸ್ಕೋವಿಲ್’ ಅಂತಲೋ ‘ವಾಟರ್‌ಬರಿ’ ಅಂತಲೋ ಇಂಗ್ಲಿಷಿನಲ್ಲಿದ್ದರೆ ನಕಲಿ ಅಂತ ಎಸೆಯಬೇಡಿ. ಮಹಾಯುದ್ಧದಲ್ಲಿ ಅಮೆರಿಕ ಲೆಂಡ್-ಲೀಸ್ ಯೋಜನೆಯಡಿ ಸೋವಿಯತ್ತಿಗೆ ಟ್ರಕ್ಕು, ಆಹಾರ, ಬಟ್ಟೆ ಕಳಿಸಿತು. ಜೊತೆಗೆ ಗುಂಡಿಗಳನ್ನೂ ಕಳಿಸಿತು. ಅವನ್ನು ಮಾಡಿಕೊಟ್ಟದ್ದು ಅಮೆರಿಕದ ಗುಂಡಿ ಕಂಪನಿಗಳು. ಕಮ್ಯುನಿಸ್ಟ್ ನಕ್ಷತ್ರವನ್ನು ಕನೆಕ್ಟಿಕಟ್‌ನಲ್ಲಿ ಅಚ್ಚು ಹಾಕಿದ ಕಾಲ ಅದು! ಇಂಥ ಗುಂಡಿ ಇದ್ದರೆ ಸಂಗ್ರಾಹಕರು ಇನ್ನೂ ಖುಷಿಪಡುತ್ತಾರೆ.

ಬಣ್ಣ, ಅಕ್ಷರ, ನಕ್ಷತ್ರ ಹೊಂದಬೇಕು

1969ರ ನಂತರದ ಉಡುಪಿನಲ್ಲಿ ಪ್ರತಿ ದಳಕ್ಕೂ ಒಂದು ಬಣ್ಣ. ಕಾಲಾಳು ದಳಕ್ಕೆ ಕೆಂಪು. ಟ್ಯಾಂಕು, ಫಿರಂಗಿ ದಳಗಳಿಗೆ ಕಪ್ಪು. ವಾಯುಪಡೆಗೂ ಪ್ಯಾರಾಟ್ರೂಪರ್‌ಗಳಿಗೂ ಆಕಾಶನೀಲಿ. ಗಡಿ ಪಡೆಗೆ ಹಸಿರು. ಆಂತರಿಕ ಪಡೆಗೆ ಗಾಢ ಕಂದುಗೆಂಪು. ಹೆಗಲ ಪಟ್ಟಿ, ಕಾಲರ್ ಪಟ್ಟಿ, ತೋಳಿನ ಪಟ್ಟೆ, ಟೋಪಿಯ ಸುತ್ತಿನ ಬಣ್ಣ – ಎಲ್ಲವೂ ಒಂದೇ ದಳದ್ದಾಗಿರಬೇಕು. ಗಡಿ ಪಡೆಗೂ ಆಂತರಿಕ ಪಡೆಗೂ ಹೆಗಲ ಮೇಲೆ ಅವುಗಳದ್ದೇ ಅಕ್ಷರಗಳಿದ್ದವು. ಹಸಿರು ಟೋಪಿಯ ಜೊತೆ ಸೋವಿಯತ್ ಸೇನೆಯ ಅಕ್ಷರ ಕಂಡರೆ ಯಾರೋ ಜೋಡಿಸಿದ್ದಾರೆ ಅಂತಲೇ ಅರ್ಥ.

ಅಧಿಕಾರಿಗಳ ಪಟ್ಟಿಯಲ್ಲಿ ಉದ್ದಗೆರೆ ಎಣಿಸಿ. ಒಂದು ಗೆರೆ ಇದ್ದರೆ ಕಿರಿಯ ಅಧಿಕಾರಿ, ನಕ್ಷತ್ರ ಸಣ್ಣದು, ಒಂದರಿಂದ ನಾಲ್ಕು. ನಾಲ್ಕಿದ್ದರೆ ಕ್ಯಾಪ್ಟನ್. ಎರಡು ಗೆರೆ ಇದ್ದರೆ ಮೇಜರ್‌ನಿಂದ ಕರ್ನಲ್‌ವರೆಗೆ, ನಕ್ಷತ್ರ ದೊಡ್ಡದು, ಒಂದರಿಂದ ಮೂರು. ಎರಡು ಗೆರೆಯ ಮೇಲೆ ನಾಲ್ಕು ಪುಟ್ಟ ನಕ್ಷತ್ರ ಇದ್ದರೆ ಅಂಥ ಹುದ್ದೆಯೇ ಸೋವಿಯತ್ ಸೇನೆಯಲ್ಲಿರಲಿಲ್ಲ. ಅಧಿಕಾರಿಯ ಚಿನ್ನದ ಬಣ್ಣದ ಪಟ್ಟಿ ಸಾದಾ ಸೈನಿಕನ ಒರಟು ಹತ್ತಿ ಅಂಗಿಯ ಮೇಲೆ ಕೂತಿದ್ದರೂ ಅದು ಜೋಡಿಸಿದ ಮಾಲೇ.

ತೊಟ್ಟವನು ಬಿಟ್ಟುಹೋದ ಗುರುತು

ನನ್ನ ಮಟ್ಟಿಗೆ ಅತಿ ಸ್ವಾರಸ್ಯದ ಭಾಗ ಇದು, ನಂಬಿಕೆಗೂ ಇದೇ ಮೇಲು.

ಸೋವಿಯತ್ ಸೈನಿಕ ಅಂಗಿಯ ಕಾಲರ್‌ನ ಒಳಗೆ ಒಂದು ಬಿಳಿ ಬಟ್ಟೆಯ ಪಟ್ಟಿ ಹೊಲಿದುಕೊಳ್ಳಬೇಕಿತ್ತು. ಕತ್ತಿನ ಬೆವರು, ಕೊಳೆ ಅದಕ್ಕೆ ಹತ್ತಲಿ ಅಂತ. ಅದನ್ನು ಮತ್ತೆ ಮತ್ತೆ ಬಿಚ್ಚಿ, ಒಗೆದದ್ದನ್ನೋ ಹೊಸದನ್ನೋ ಕೈಯಿಂದಲೇ ಹೊಲಿಯಬೇಕು. ಬೆಳಗಿನ ತಪಾಸಣೆಯಲ್ಲಿ ಅದು ಕೊಳೆಯಾಗಿದ್ದರೆ ಶಿಕ್ಷೆ. ಹೀಗೆ ಎರಡು ವರ್ಷ ತೊಟ್ಟ ಅಂಗಿಯ ಕಾಲರ್ ಒಳಭಾಗ ಬೆಳಕಿಗೆ ಹಿಡಿದರೆ ಸಾಲು ಸಾಲು ಸೂಜಿ ತೂತು, ಅಲ್ಲಲ್ಲಿ ಸಿಕ್ಕಿಹಾಕಿಕೊಂಡ ಬಿಳಿ ದಾರದ ತುಣುಕು ಕಾಣುತ್ತದೆ. ಇದನ್ನು ನಕಲು ಮಾಡಲು ಕೂತವನಿಗೆ ಆ ಅಂಗಿಯ ಲಾಭ ಸಾಲದು.

ಬಟ್ಟೆ ಕಳುವಾಗದಿರಲಿ ಅಂತ ಹೆಸರನ್ನೂ ಸೇನಾ ಗುರುತುಪತ್ರದ ಸಂಖ್ಯೆಯನ್ನೂ ಒಳಗೆ ಬರೆದುಕೊಳ್ಳುತ್ತಿದ್ದರು. ಬ್ಲೀಚಿಂಗ್ ನೀರಿನಲ್ಲಿ ಬೆಂಕಿಕಡ್ಡಿ ಅದ್ದಿ ಬರೆದದ್ದು. ಹಸಿರು ಬಟ್ಟೆಯ ಮೇಲೆ ಬಣ್ಣ ಸುಟ್ಟು ಬಿಳಿಚಿದ, ಅಂಕುಡೊಂಕು ಅಕ್ಷರ. ಉದ್ದ ದೋಣಿಯಾಕಾರದ ಪಿಲೋತ್ಕಾ ಟೋಪಿಯ ಒಳಮಡಿಕೆಯಲ್ಲಿ ದಾರ ಸುತ್ತಿದ ಸೂಜಿ ಇಟ್ಟುಕೊಳ್ಳುವ ರೂಢಿಯಿತ್ತು. ಸೂಜಿ ಇಲ್ಲದಿದ್ದರೂ ಅದಿದ್ದ ಜಾಗದಲ್ಲಿ ತುಕ್ಕಿನ ಗೆರೆ ಉಳಿದಿರಬಹುದು.

ಇನ್ನು ಹೆಗಲ ಪಟ್ಟಿಯ ಅಂಚನ್ನು ಮೆಲ್ಲಗೆ ಎತ್ತಿ. ಬಿಸಿಲಿಗೆ ಅಂಗಿ ಮಾಸಿದ್ದರೂ ಪಟ್ಟಿಯ ಕೆಳಗೆ ಹಳೇ ಗಾಢ ಬಣ್ಣ ಉಳಿದಿರಬೇಕು. ಅದರ ಆಕಾರ ಈಗಿರುವ ಪಟ್ಟಿಗೆ ಸರಿಯಾಗಿ ಹೊಂದಬೇಕು. ಕೆಳಗೂ ಅಷ್ಟೇ ಮಾಸಿದ್ದರೆ ಪಟ್ಟಿ ಹೊಸದಾಗಿ ಬಂದದ್ದು. ಎದೆಯ ತೂತುಗಳನ್ನೂ ಹೀಗೇ ಓದಬಹುದು. ಗಾರ್ಡ್ಸ್ ಬ್ಯಾಡ್ಜು, ಅಂದರೆ ‘ಗಾರ್ಡ್ಸ್’ ಎಂಬ ಗೌರವದ ಹೆಸರು ಪಡೆದ ದಳಗಳ ಗುರುತು, ಬಲ ಎದೆಗೆ ಬರುವಂಥದ್ದು, ಹಿಂದೆ ತಿರುಪು ಇರುತ್ತದೆ, ತೂತು ಒಂದೇ. ಅದು ಎಡಕ್ಕಿದ್ದರೆ, ಅಥವಾ ತೂತಿನ ಸುತ್ತ ನೂಲು ಈಗಷ್ಟೇ ಹರಿದಂತಿದ್ದರೆ, ಮಾರುವವನನ್ನು ಕೇಳಿ.

ಸವೆತಕ್ಕೂ ಒಂದು ಜಾಗವಿರುತ್ತದೆ: ಕಾಲರ್ ಅಂಚು, ತೋಳಿನ ತುದಿ, ಮೊಣಕೈ, ಬೆಲ್ಟು ಉಜ್ಜುವ ಸೊಂಟ. ಮೈತುಂಬ ಒಂದೇ ಸಮ ಸವೆದಿದ್ದರೆ ಅದು ಮರಳುಕಾಗದದ ಕೆಲಸ.

ಯುವಿ ಟಾರ್ಚು ಮತ್ತು ಬೆಂಕಿಕಡ್ಡಿ

ನೋಟು ಪರೀಕ್ಷೆಗೆ ಬಳಸುವ ಯುವಿ ಟಾರ್ಚನ್ನು ಕತ್ತಲಲ್ಲಿ ಬಟ್ಟೆಯ ಮೇಲೆ ಬಿಟ್ಟರೆ ಈಗಿನ ಎಷ್ಟೋ ದಾರಗಳು ನೀಲಿ ಬಿಳಿಯಾಗಿ ಫಳಫಳ ಹೊಳೆಯುತ್ತವೆ. ಬಟ್ಟೆ ಬೆಳ್ಳಗೆ ಕಾಣಲಿ ಅಂತ ಸೇರಿಸುವ ರಾಸಾಯನಿಕವೇ ಕಾರಣ. ಅದರ ಬಳಕೆ ವ್ಯಾಪಕವಾದದ್ದು ಯುದ್ಧದ ನಂತರ. ಆದ್ದರಿಂದ 1944ರದ್ದು ಎನ್ನುವ ಅಂಗಿಯ ಹೊಲಿಗೆಯೆಲ್ಲ ಹೊಳೆದರೆ ಅನುಮಾನ ನ್ಯಾಯವೇ. ಆದರೆ ಅದೇ ರಾಸಾಯನಿಕ ನಮ್ಮ ಸೋಪಿನ ಪುಡಿಯಲ್ಲೂ ಇರುತ್ತದೆ. ಅಸಲಿ ಅಂಗಿಯನ್ನು ಯಾರೋ ಇತ್ತೀಚೆಗೆ ಒಗೆದಿದ್ದರೂ ಅದು ಹೊಳೆಯುತ್ತದೆ. ಹೊಳೆಯಲಿಲ್ಲ ಅಂದ ಮಾತ್ರಕ್ಕೆ ಹಳೆಯದೂ ಅಲ್ಲ.

ಇನ್ನೊಂದು, ಸಡಿಲವಾದ ಒಂದೇ ಒಂದು ದಾರ ಎಳೆದು ಸುಡುವುದು. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ. ಉಣ್ಣೆ ಕೂದಲು ಸುಟ್ಟ ವಾಸನೆ ಕೊಡುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಯುದ್ಧಕಾಲದ ಅಂಗಿಯಲ್ಲಿ ಪಾಲಿಯೆಸ್ಟರ್ ದಾರ ಇರಲು ಸಾಧ್ಯವಿಲ್ಲ. ಹೊಲಿಗೆಯ ದಾರ ಸುಡುವ ಮೊದಲು ಅದು ನಂತರದ ರಿಪೇರಿಯದ್ದೋ ಅಂತ ನೋಡಿಕೊಳ್ಳಿ.

ನಕಲಿಯಂತೆ ಕಾಣುವ ಅಸಲಿ

ಒಂದು ಬಗೆಯ ಉಡುಪು ಮೇಲೆ ಹೇಳಿದ ಎಲ್ಲ ನಿಯಮ ಮುರಿಯುತ್ತದೆ. ಸೇವೆ ಮುಗಿಸಿ ಮನೆಗೆ ಹೊರಡುವ ಸೈನಿಕ ತನ್ನ ಉಡುಪನ್ನು ತಾನೇ ಸಿಂಗರಿಸಿಕೊಳ್ಳುತ್ತಿದ್ದ. ಎದೆಗೆ ಅಡ್ಡಲಾಗಿ ಹೆಣೆದ ಬಿಳಿ ಹುರಿ, ಪಟ್ಟಿಯ ಕೆಳಗೆ ವೆಲ್ವೆಟ್, ತನಗೆ ಸಲ್ಲದ ಬ್ಯಾಡ್ಜು. ಊರಿನ ರೈಲ್ವೆ ಸ್ಟೇಷನ್‌ನಲ್ಲಿ ಇಳಿದಾಗ ನಾಲ್ಕು ಜನ ನೋಡಲಿ ಅಂತ! ಇದಕ್ಕೆ ‘ಡೆಂಬೆಲ್’ ಉಡುಪು ಎನ್ನುತ್ತಾರೆ. ನಿಯಮದ ಪುಸ್ತಕ ಹಿಡಿದು ನೋಡಿದರೆ ಎಲ್ಲವೂ ತಪ್ಪು, ಆದರೂ ಪಕ್ಕಾ ಸೋವಿಯತ್. ಇಲ್ಲೂ ಕೈಹೊಲಿಗೆ, ಹಳೇ ದಾರ, ಕಾಲರ್ ತೂತುಗಳೇ ಸಾಕ್ಷಿ.

ಟೋಪಿಯ ಬಗ್ಗೆ ಎರಡು ಮಾತು

ಕಿವಿ ಮುಚ್ಚುವ ಉಶಾಂಕಾ ಟೋಪಿ ಸಾದಾ ಸೈನಿಕನದ್ದಾದರೆ ಬೂದು ಬಣ್ಣದ ಕೃತಕ ತುಪ್ಪಳ, ಒಳಗೆ ಹತ್ತಿ ತುಂಬಿದ ಪದರ, ಸೀಲು, ಸಣ್ಣ ನಕ್ಷತ್ರ. ಸುತ್ತ ತೆನೆಯ ಮಾಲೆಯಿರುವ ಅಂಡಾಕಾರದ ಗುರುತು ಅಧಿಕಾರಿಗಳದ್ದು. ಕರಕುಲ್ ಕುರಿಮರಿಯ ಗುಂಗುರು ತುಪ್ಪಳದ ಎತ್ತರದ ಟೋಪಿ ಕರ್ನಲ್ ಮತ್ತು ಮೇಲಿನವರಿಗೆ ಮಾತ್ರ. ಅಚ್ಚ ಬಿಳಿ, ಗುಲಾಬಿ ತುಪ್ಪಳದ ಮೇಲೆ ನಾಲ್ಕೈದು ಬ್ಯಾಡ್ಜು ಚುಚ್ಚಿದ್ದರೆ ಅದು ಪ್ರವಾಸಿಗರ ಟೋಪಿ. ಚಳಿಗೆ ಸುಮ್ನೆ ಹಾಕಿಕೊಳ್ಳಲು ಚೆನ್ನಾಗಿಯೇ ಇರುತ್ತದೆ. ಮೇ 9ರ ವಿಜಯ ದಿನಕ್ಕೆ ರಷ್ಯಾದಲ್ಲಿ ಮಕ್ಕಳಿಗೂ ಹೊಸ ಪಿಲೋತ್ಕಾ, ಗಿಮ್ನಾಸ್ತ್ಯೋರ್ಕಾ ಹೊಲಿದು ಮಾರುತ್ತಾರೆ. ಅವು ಮೋಸದ ಮಾಲಲ್ಲ. ಎರಡನೇ ಕೈಗೆ ಹೋದಾಗ ‘ಹಳೆಯದು’ ಎಂಬ ಮಾತು ಅಂಟಿಕೊಳ್ಳುತ್ತದೆ.

ದುಡ್ಡು ಕೊಡುವ ಮುಂಚೆ

ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಮುಂಭಾಗದ ಫೋಟೋ ಸಾಲದು. ಒಳಪದರ, ಸೀಲು, ಕಾಲರ್ ಒಳಭಾಗ, ಒಂದು ಗುಂಡಿಯ ಹಿಂಬದಿ, ಪಟ್ಟಿ ಹೊಲಿದ ಜಾಗ – ಇವುಗಳ ಫೋಟೋ ಹಗಲು ಬೆಳಕಿನಲ್ಲಿ ಕೇಳಿ. ಅಸಲಿ ಮಾಲಿರುವವನು ಸಾಮಾನ್ಯವಾಗಿ ಖುಷಿಯಿಂದಲೇ ಕಳಿಸುತ್ತಾನೆ. ‘ಅಜ್ಜನದ್ದು, ಬರ್ಲಿನ್‌ವರೆಗೆ ಹೋಗಿದ್ದರು’ ಎಂಬ ಕಥೆಗೆ ಬೆಲೆ ಕಟ್ಟಬೇಡಿ. ದಾಖಲೆ, ಹಳೇ ಫೋಟೋ ಜೊತೆಗಿದ್ದರೆ ಅದರ ಮಾತು ಬೇರೆ.

ಪದಕಗಳ ವಿಷಯದಲ್ಲಿ ಮಾತ್ರ ಹುಷಾರು. ಸೋವಿಯತ್ ಸರ್ಕಾರ ಕೊಟ್ಟ ಪದಕಗಳ ಮಾರಾಟವೂ ಖರೀದಿಯೂ ರಷ್ಯಾದ ಅಪರಾಧ ಸಂಹಿತೆಯ 324ನೇ ವಿಧಿಯ ಪ್ರಕಾರ ಅಪರಾಧ. ಸಂತೆಯಲ್ಲಿ ಬಹಿರಂಗವಾಗಿ ಸಿಕ್ಕರೂ ಅಂಗಿಯ ಮೇಲಿರುವ ಪದಕವನ್ನು ಅಲ್ಲೇ ಬಿಡುವುದು ಒಳ್ಳೆಯದು, ವಿಮಾನ ನಿಲ್ದಾಣದಲ್ಲಿ ತಪಾಸಣೆ ಇರುತ್ತದೆ. ಲಿಥುವೇನಿಯಾ 2008ರಿಂದ, ಉಕ್ರೇನ್ 2015ರಿಂದ ಸೋವಿಯತ್ ಚಿಹ್ನೆಗಳ ಸಾರ್ವಜನಿಕ ಪ್ರದರ್ಶನವನ್ನೇ ನಿಷೇಧಿಸಿವೆ. ಮಾಸ್ಕೋದಲ್ಲಿ ಕೊಂಡ ನಕ್ಷತ್ರದ ಟೋಪಿಯನ್ನು ತಲೆಗೆ ಹಾಕಿಕೊಂಡು ವಿಲ್ನಿಯಸ್‌ನ ಬೀದಿಯಲ್ಲಿ ಸುತ್ತಿದರೆ ದಂಡ ಕಟ್ಟಬೇಕಾದೀತು.